ಟರ್ನಿಂಗ್ ಪಾಯಿಂಟ್‌ನಿಂದ ನಮ್ಮ ಶಾಲೆಯ ಪ್ರಶ್ನೆ ಪೆಟ್ಟಿಗೆಯವರೆಗೆ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಶಿಕ್ಷಕಿ. ಶನಿವಾರದ ಕೊನೆಯ ಪಿರಿಯಡ್‌ನಲ್ಲಿ ನಾವು ಪಠ್ಯಪುಸ್ತಕವನ್ನು ಮುಚ್ಚಿಟ್ಟು, ವಾರವಿಡೀ ಮಕ್ಕಳು ಚೀಟಿಗಳಲ್ಲಿ ಬರೆದು ಪೆಟ್ಟಿಗೆಗೆ ಹಾಕಿದ ಪ್ರಶ್ನೆಗಳಲ್ಲಿ ಒಂದನ್ನೋ ಎರಡನ್ನೋ ಎತ್ತಿಕೊಂಡು ಅದರ ಹಿಂದೆ ಬೀಳುತ್ತೇವೆ. ಈ ಪದ್ಧತಿಯನ್ನು ನನಗೆ ಬಿ.ಇಡಿ. ಕಾಲೇಜು ಕಲಿಸಲಿಲ್ಲ, ಇಲಾಖೆಯ ತರಬೇತಿಯೂ ಕಲಿಸಲಿಲ್ಲ. 1990ರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನ ಕಾರ್ಯಕ್ರಮದಿಂದ, ಅದರಲ್ಲೂ ಪ್ರೊ. ಯಶ್ ಪಾಲ್ ಅವರು ವೀಕ್ಷಕರ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ಭಾಗದಿಂದ, ನಾನು ಅದನ್ನು ಕಲಿತೆ. ಬೇರೆ ಶಾಲೆಗಳ ಶಿಕ್ಷಕರು ಇದನ್ನು ಹೇಗೆ ನಡೆಸುತ್ತೀರಿ ಎಂದು ಆಗಾಗ ಕೇಳುವುದರಿಂದ, ಬಂದ ದಾರಿಯನ್ನೂ ನಡೆಸುವ ಬಗೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಆ ಕಾರ್ಯಕ್ರಮದ ನಿರೂಪಕರಾಗಿ ನಾವು ಮೊದಲು ಕಂಡದ್ದು ನಮ್ಮ ಕನ್ನಡದ ಗಿರೀಶ ಕಾರ್ನಾಡರನ್ನು. ಮಾತು ಹಿಂದಿಯಲ್ಲಿ ನಡೆಯುತ್ತಿತ್ತು, ನಡುನಡುವೆ ಇಂಗ್ಲಿಷ್ ಬೆರೆಯುತ್ತಿತ್ತು. ನಿಜಾಮರ ಕಾಲದಿಂದ ಉರ್ದು ಬಳಕೆಯಲ್ಲಿದ್ದ ಸೀಮೆ ನಮ್ಮದಾದ್ದರಿಂದ ಹಿಂದಿ ನಮಗೆ ತೀರ ಹೊರಗಿನ ಭಾಷೆಯಾಗಿರಲಿಲ್ಲ. ಉರ್ದು ಮಾಧ್ಯಮದಲ್ಲಿ ಓದಿದ್ದ ನಮ್ಮ ಮುತ್ಯಾ ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡು, ನನಗೆ ತಿಳಿಯದ ಮಾತನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಪ್ರಯೋಗಾಲಯಗಳು, ಹೊಸ ಯಂತ್ರಗಳು, ಆಕಾಶಕಾಯಗಳು ಎಲ್ಲವೂ ಆ ಅರ್ಧ ಗಂಟೆಯಲ್ಲಿ ಬಂದು ಹೋಗುತ್ತಿದ್ದವು. ಆದರೆ ನಾನೂ ಮುತ್ಯಾನೂ ಕಾಯುತ್ತಿದ್ದದ್ದು ಬಿಳಿಗೂದಲಿನ, ಉದ್ದ ಕೆನ್ನೆಮೀಸೆಯ ಆ ಹಿರಿಯರು ಯಾವಾಗ ಬರುತ್ತಾರೆ ಎಂದು.

ಯಶ್ ಪಾಲ್ ಅವರು ಉತ್ತರ ಹೇಳುತ್ತಿದ್ದ ರೀತಿಯನ್ನು ನಾನು ಈಗಲೂ ನೆನೆಯುತ್ತೇನೆ, ಏಕೆಂದರೆ ಶಾಲೆಯಲ್ಲಿ ನಾನು ಕಾಣುತ್ತಿದ್ದ ರೀತಿಗೂ ಅದಕ್ಕೂ ಬಹಳ ಅಂತರವಿತ್ತು. ಶಾಲೆಯಲ್ಲಿ ಪ್ರಶ್ನೆ ಕೇಳುವವರು ಗುರುಗಳು, ಉತ್ತರ ಹೇಳಬೇಕಾದವರು ನಾವು, ಮತ್ತು ಉತ್ತರ ಮೊದಲೇ ಪುಸ್ತಕದಲ್ಲಿ ಇರುತ್ತಿತ್ತು. ಟಿವಿಯಲ್ಲಿ ಪ್ರಶ್ನೆ ಕೇಳುತ್ತಿದ್ದವರು ಯಾವುದೋ ಊರಿನ ಸಾಮಾನ್ಯ ಜನ, ಅನೇಕ ಸಲ ನನ್ನ ವಯಸ್ಸಿನ ಮಕ್ಕಳು. ಉತ್ತರಿಸಬೇಕಾದವರು ವಿಶ್ವಕಿರಣಗಳ ಮೇಲೆ ಸಂಶೋಧನೆ ಮಾಡಿದ, ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧ್ಯಕ್ಷರಾಗಿದ್ದ ವಿಜ್ಞಾನಿ. ಅವರು ಪ್ರಶ್ನೆಯನ್ನು ಸಣ್ಣದೆಂದು ಬದಿಗಿಡುತ್ತಿರಲಿಲ್ಲ. ಅದರೊಳಗೆ ಏನಿದೆ ಎಂದು ತಾವೂ ನೋಡುತ್ತಾ, ಕೇಳುವವರ ಮನೆಯಲ್ಲೇ ಸಿಗುವ ಸಂಗತಿಯಿಂದ ಶುರುಮಾಡಿ, ನಿಧಾನವಾಗಿ ಒಳಗೆ ಹೋಗುತ್ತಿದ್ದರು. ಯೋಚಿಸುವುದು ಎಂಬುದು ಹೀಗೆ ಗಟ್ಟಿಯಾಗಿ, ಎಲ್ಲರ ಮುಂದೆ, ಸಂತೋಷದಿಂದ ಮಾಡಬಹುದಾದ ಕೆಲಸ ಎಂದು ನನಗೆ ಮೊದಲು ಗೊತ್ತಾದದ್ದು ಅಲ್ಲಿ.

ಬಹಳ ವರ್ಷಗಳ ನಂತರ, ಶಿಕ್ಷಕಿಯಾದ ಮೇಲೆ ಓದಿದಾಗ ತಿಳಿದ ಒಂದು ಸಂಗತಿ ಅವರನ್ನು ನನಗೆ ಇನ್ನಷ್ಟು ಹತ್ತಿರ ತಂದಿತು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ‘ಸೈಟ್’ ಎಂಬ ಹೆಸರಿನ ಉಪಗ್ರಹ ಟೆಲಿವಿಷನ್ ಪ್ರಯೋಗ ನಮ್ಮ ದೇಶದಲ್ಲಿ ನಡೆಯಿತು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು, 6 ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮಗಳನ್ನು ತಲುಪಿಸಿದ ಯೋಜನೆ ಅದು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಗುಲ್ಬರ್ಗಾ, ರಾಯಚೂರು ಮತ್ತು ವಿಜಾಪುರ ಜಿಲ್ಲೆಗಳು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಮಾಡಿದ, ಸುಮಾರು 10 ಅಡಿ ಅಗಲದ ಆಂಟೆನಾಗಳನ್ನು ಹಳ್ಳಿಗಳಲ್ಲಿ ಕೂರಿಸಿ, ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ ಕಾರ್ಯಕ್ರಮಗಳನ್ನು ತೋರಿಸುತ್ತಿದ್ದರು. ಆ ಹೊತ್ತಿನಲ್ಲಿ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ನಿರ್ದೇಶಕರಾಗಿದ್ದು ಈ ಕೆಲಸವನ್ನು ಮುನ್ನಡೆಸಿದವರು ಇದೇ ಯಶ್ ಪಾಲ್. ಆ ಪ್ರಯೋಗದ ಬೆನ್ನಿಗೇ 1977ರಲ್ಲಿ ಗುಲ್ಬರ್ಗಾದಲ್ಲಿ ಟಿವಿ ಪ್ರಸಾರ ಕೇಂದ್ರ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಹಿಂದುಳಿದ ಸೀಮೆ ಎಂದೇ ಎಲ್ಲೆಡೆ ಹೆಸರಾದ ನಮ್ಮ ಜಿಲ್ಲೆಯ ಹಳ್ಳಿಗಳು ರಾಜಧಾನಿಗಿಂತ ಮೊದಲು ಟಿವಿ ಕಂಡವು ಎಂಬುದನ್ನು ನಾನು ಪ್ರತಿ ವರ್ಷ ಎಂಟನೆಯ ತರಗತಿಗೆ ಹೊಸದಾಗಿ ಬರುವ ಮಕ್ಕಳಿಗೆ ತಪ್ಪದೆ ಹೇಳುತ್ತೇನೆ. ಅವರ ಮುಖದಲ್ಲಿ ಆಗ ಕಾಣುವ ಹೆಮ್ಮೆಗೆ ಅವರು ಅರ್ಹರು.

ನನ್ನ ಶಾಲೆಯಲ್ಲಿ ಪೆಟ್ಟಿಗೆ ಇಡಬೇಕೆಂದು ಹೊರಟಾಗ ನನ್ನ ಮನಸ್ಸಿನಲ್ಲಿದ್ದದ್ದು ಆ ಕಾರ್ಯಕ್ರಮದ ಎರಡು ಗುಣಗಳು ಮಾತ್ರ: ಪ್ರಶ್ನೆ ಮಗುವಿನದೇ ಆಗಿರಬೇಕು, ಮತ್ತು ಉತ್ತರಕ್ಕೆ ಅವಸರ ಇರಬಾರದು. ಉಳಿದದ್ದೆಲ್ಲ ನಡೆಸುತ್ತ ನಡೆಸುತ್ತ ರೂಪುಗೊಂಡಿತು. ಪೆಟ್ಟಿಗೆ ದೊಡ್ಡದೇನಲ್ಲ, ಊರಿನ ಬಡಿಗೇರರು ಹಳೆಯ ಹಲಗೆಯಲ್ಲಿ ಮಾಡಿಕೊಟ್ಟದ್ದು. ಅದನ್ನು ಸ್ಟಾಫ್ ರೂಮಿನಲ್ಲಿ ಇಡದೆ ಕುಡಿಯುವ ನೀರಿನ ತೊಟ್ಟಿಯ ಹತ್ತಿರ ಇಟ್ಟೆವು, ಏಕೆಂದರೆ ಅಲ್ಲಿಗೆ ಎಲ್ಲ ಮಕ್ಕಳೂ ಬರುತ್ತಾರೆ ಮತ್ತು ಯಾರೂ ಅವರನ್ನು ನೋಡುತ್ತಾ ನಿಂತಿರುವುದಿಲ್ಲ. ಚೀಟಿಯ ಮೇಲೆ ಹೆಸರು ಬರೆಯುವುದು ಬಿಡುವುದು ಮಕ್ಕಳ ಇಷ್ಟ. ಭಾಷೆಯೂ ಅವರ ಇಷ್ಟವೇ. ಸೇಡಂ ತೆಲಂಗಾಣದ ಗಡಿಗೆ ಅಂಟಿದ ತಾಲ್ಲೂಕು. ನಮ್ಮ ತರಗತಿಯಲ್ಲಿ ಮನೆಯಲ್ಲಿ ತೆಲುಗು ಮಾತಾಡುವವರು, ದಖ್ಖನಿ ಉರ್ದು ಮಾತಾಡುವವರು, ತಾಂಡಾಗಳಿಂದ ಬರುವ ಲಂಬಾಣಿ ಮಾತಿನ ಮಕ್ಕಳು ಎಲ್ಲರೂ ಇದ್ದಾರೆ. ಲಂಬಾಣಿ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದು ಹಾಕಿದ ಚೀಟಿಯನ್ನು ಆ ಮಾತಿನ ಮಗುವಿನಿಂದಲೇ ಓದಿಸಿ, ಅವರ ಬಾಯಿಂದಲೇ ಅರ್ಥ ಹೇಳಿಸುತ್ತೇನೆ. ಪ್ರಶ್ನೆಯನ್ನು ಶುದ್ಧ ಕನ್ನಡಕ್ಕೆ ತಿದ್ದಿ ಓದಬಾರದೆಂಬುದು ನಾನು ಬಹಳ ಬಿಗಿಯಾಗಿ ಹಿಡಿದಿರುವ ನಿಯಮ. ತಿದ್ದಿದ ಕೂಡಲೇ ಅದು ಮಗುವಿನ ಪ್ರಶ್ನೆಯಾಗಿ ಉಳಿಯದೆ ನನ್ನ ಪ್ರಶ್ನೆಯಾಗುತ್ತದೆ.

ಮೊದಮೊದಲು ಪೆಟ್ಟಿಗೆಯಲ್ಲಿ ಸಿಗುತ್ತಿದ್ದದ್ದು ಪಾಠದ ಕೊನೆಯ ಅಭ್ಯಾಸದ ಪ್ರಶ್ನೆಗಳೇ. ದ್ಯುತಿಸಂಶ್ಲೇಷಣೆ ಎಂದರೇನು, ಓಮನ ನಿಯಮವನ್ನು ನಿರೂಪಿಸಿ, ಹೀಗೆ. ಪ್ರಶ್ನೆ ಎಂದರೆ ಅದೇ ಎಂದು ಮಕ್ಕಳು ಅಷ್ಟು ವರ್ಷ ಕಲಿತಿದ್ದರು. ಹಾಗಾಗಿ ಪುಸ್ತಕದಲ್ಲಿ ಉತ್ತರ ಇರುವ ಪ್ರಶ್ನೆಯನ್ನು ಹಾಕಬೇಡಿ, ಮನೆಯಲ್ಲಿ, ಹೊಲದಲ್ಲಿ, ಬರುವ ದಾರಿಯಲ್ಲಿ ನೀವೇ ಕಣ್ಣಾರೆ ಕಂಡದ್ದನ್ನು ಮೊದಲ ಸಾಲಿನಲ್ಲಿ ಬರೆದು, ಆಮೇಲೆ ಪ್ರಶ್ನೆ ಬರೆಯಿರಿ ಎಂದು ಹೇಳಿದೆ. ಈ ಒಂದು ಬದಲಾವಣೆ ಎಲ್ಲವನ್ನೂ ಬದಲಿಸಿತು. ಕಂಡದ್ದನ್ನು ಬರೆಯಬೇಕೆಂದಾಗ ಮಕ್ಕಳು ನೋಡತೊಡಗಿದರು, ನೋಡತೊಡಗಿದಾಗ ಪ್ರಶ್ನೆಗಳು ತಾವಾಗಿ ಬಂದವು.

ಹಾಗೆ ಬಂದ ಪ್ರಶ್ನೆಗಳಲ್ಲಿ ನನಗೆ ತುಂಬ ಪ್ರಿಯವಾದದ್ದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬರೆದದ್ದು: “ನಮ್ಮವ್ವ ಜ್ವಾಳದ ಹಿಟ್ಟಿಗಿ ಎಸರು ಹಾಕಿ ನಾದತಾಳ್ರಿ. ಚಪಾತಿ ಹಿಟ್ಟಿಗಿ ತಣ್ಣೀರೇ ಸಾಕು. ಎಸರು ಹಾಕದಿದ್ರ ರೊಟ್ಟಿ ಯಾಕ ಮುರೀತದ್ರಿ?” ನಾನು ಹುಟ್ಟಿದಾಗಿನಿಂದ ತಿಂದ ರೊಟ್ಟಿಯ ಬಗ್ಗೆ ಇಂಥ ಪ್ರಶ್ನೆ ಯಾವ ಪಠ್ಯಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ಚೀಟಿ ಓದಿದ ಮೇಲೆ ಮೊದಲ ಹತ್ತು ಹದಿನೈದು ನಿಮಿಷ ನಾನು ಏನೂ ಹೇಳದೆ, ಮಕ್ಕಳು ಹೇಳಿದ ಊಹೆಗಳನ್ನೆಲ್ಲ ಹಲಗೆಯ ಮೇಲೆ ಬರೆದೆ. ಬಿಸಿನೀರು ಹಿಟ್ಟನ್ನು ಅರ್ಧ ಬೇಯಿಸುತ್ತದೆ ಎಂದರು, ಜೋಳದಲ್ಲಿ ಎಣ್ಣೆಯಂಶ ಕಡಿಮೆ ಎಂದರು, ಗೋಧಿ ಹಿಟ್ಟಿನಲ್ಲಿ ಅಂಟು ಇದೆ, ಜೋಳದಲ್ಲಿ ಇಲ್ಲ ಎಂದು ಒಬ್ಬ ಹೇಳಿದ. ಇದರಲ್ಲಿ ಯಾವುದು ಸರಿ ಎಂದು ಅವರು ನನ್ನ ಮುಖ ನೋಡಿದಾಗ, ಸರಿಯೋ ತಪ್ಪೋ ಎಂದು ಹಿಟ್ಟನ್ನೇ ಕೇಳೋಣ ಎಂದೆ.

ಮುಂದಿನ ಶನಿವಾರ ಬಿಸಿಯೂಟದ ಅಡುಗೆಮನೆಯ ಅಕ್ಕಂದಿರ ನೆರವಿನಿಂದ ಮೂರು ಮುದ್ದೆ ನಾದಿದೆವು: ತಣ್ಣೀರು ಹಾಕಿದ ಗೋಧಿ ಹಿಟ್ಟು, ತಣ್ಣೀರು ಹಾಕಿದ ಜೋಳದ ಹಿಟ್ಟು, ಎಸರು ಹಾಕಿದ ಜೋಳದ ಹಿಟ್ಟು. ಮೊದಲ ಎರಡರಿಂದ ಒಂದೊಂದು ತುಂಡನ್ನು ಬೊಗಸೆಯಲ್ಲಿ ಹಿಡಿದು, ಬೋಗುಣಿಯ ನೀರಿನಲ್ಲಿ ಮೆಲ್ಲಗೆ ಹಿಚುಕುತ್ತ ತೊಳೆಯಲು ಹೇಳಿದೆ. ಗೋಧಿಯ ತುಂಡಿನಿಂದ ಬಿಳಿ ನೀರು ಹರಿದುಹೋದ ಮೇಲೂ ಕೈಯಲ್ಲಿ ರಬ್ಬರಿನಂತೆ ಎಳೆಯಬಹುದಾದ ಒಂದು ಉಂಡೆ ಉಳಿಯಿತು. ಜೋಳದ ತುಂಡು ಪೂರ್ತಿ ನೀರಿಗೆ ಬಿಟ್ಟುಕೊಂಡು, ಕೈಯಲ್ಲಿ ತೌಡಿನ ಚೂರುಗಳ ಹೊರತು ಏನೂ ಉಳಿಯಲಿಲ್ಲ. ಗೋಧಿಯಲ್ಲಿ ಉಳಿದದ್ದು ಗ್ಲುಟೆನ್ ಎಂಬ ಪ್ರೋಟೀನು. ನೀರು ಬಿದ್ದು ನಾದಿದಾಗ ಅದು ಜಾಲದಂತೆ ಹೆಣೆದುಕೊಂಡು ಹಿಟ್ಟನ್ನು ಹಿಡಿದಿಡುತ್ತದೆ. ಜೋಳದಲ್ಲಿ ಅಂಥ ಜಾಲ ಕಟ್ಟುವ ಪ್ರೋಟೀನು ಇಲ್ಲ. ಅದರ ಕೆಲಸವನ್ನು ಜೋಳದ ಪಿಷ್ಟವೇ ಮಾಡಬೇಕು, ಮತ್ತು ಪಿಷ್ಟದ ಕಣಗಳು ತಣ್ಣೀರಿನಲ್ಲಿ ಕರಗದೆ ಹಾಗೇ ಕೂತಿರುತ್ತವೆ; ಸುಮಾರು 70 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಬಿಸಿ ತಗುಲಿದಾಗ ಮಾತ್ರ ನೀರು ಕುಡಿದು ಉಬ್ಬಿ, ಒಡೆದು, ಅಂಟಾಗುತ್ತವೆ. ಎಸರಿನ ಕೆಲಸ ಅದು. ಅಂಟು ಎಂದ ಹುಡುಗನ ಮಾತೂ ಅರ್ಧ ಬೇಯಿಸುತ್ತದೆ ಎಂದವರ ಮಾತೂ ಒಟ್ಟಿಗೆ ಸರಿಯಾದವು, ಅದೂ ತಮ್ಮ ಕೈಯಿಂದಲೇ ಎಂಬುದು ಮಕ್ಕಳಿಗೆ ಕೊಟ್ಟ ಖುಷಿಯನ್ನು ನಾನು ಬೇರೆ ಯಾವ ಪಾಠದಲ್ಲೂ ಕೊಡಲಾರೆ.

ಅಂದು ಅಡುಗೆಯ ಅಕ್ಕ ಒಬ್ಬರು ತಾವಾಗಿಯೇ ಮಾತಿಗೆ ಸೇರಿ, “ಹಿಟ್ಟು ಹಳೇದಾದ್ರ ಎಸರು ಹಾಕಿದ್ರೂ ಜಿಗಿ ಬರಂಗಿಲ್ರಿ ಮೇಡಂ, ಅದ್ಯಾಕ?” ಎಂದು ಕೇಳಿದರು. ಆ ಪ್ರಶ್ನೆಯನ್ನೂ ಅವರ ಹೆಸರಿನೊಂದಿಗೆ ಬರೆದುಕೊಂಡೆವು. ಹೊಸದಾಗಿ ಬೀಸಿದ ಹಿಟ್ಟು, ವಾರದ ಹಿಟ್ಟು, ತಿಂಗಳ ಹಿಟ್ಟು ತಂದು ಹೋಲಿಸುವ ಕೆಲಸವನ್ನು ಮಕ್ಕಳೇ ಕೈಗೆತ್ತಿಕೊಂಡರು. ಪ್ರಶ್ನೆ ಕೇಳುವ ಹಕ್ಕು ಮಕ್ಕಳನ್ನು ದಾಟಿ ಅಡುಗೆಮನೆಗೂ ಹೋದದ್ದನ್ನು ಕಂಡಾಗ, ಟಿವಿಯ ಮುಂದೆ ಕೂತು ನನಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದ ಮುತ್ಯಾ ನನಗೆ ನೆನಪಾದರು.

ಇನ್ನೊಂದು ಪ್ರಶ್ನೆ ಹಗೇವಿನದು, ಅಂದರೆ ಕಾಳು ಕೂಡಿಡುವ ನೆಲದೊಳಗಿನ ಕಣಜದ್ದು. ಈಗ ನಮ್ಮ ಕಡೆ ಹಗೇವು ಬಳಸುವವರು ಕಡಿಮೆಯಾದರೂ ಹಳೆಯ ಮನೆಗಳ ಅಂಗಳದಲ್ಲಿ ಅದರ ಗುರುತು ಇದೆ, ಹಿರಿಯರ ಬಾಯಲ್ಲಿ ಅದರ ಕಥೆ ಇದೆ. ಒಬ್ಬ ಹುಡುಗ ಬರೆದಿದ್ದ: ಹಗೇವಿನ ಬಾಯಿ ತೆಗೆದ ಮೇಲೆ ಮೊದಲು ಕಂದೀಲು ಇಳಿಬಿಡುತ್ತಿದ್ದರಂತೆ, ಅದು ಆರಿದರೆ ಯಾರೂ ಇಳಿಯುತ್ತಿರಲಿಲ್ಲವಂತೆ, ಒಳಗಿರುವುದು ಜೋಳವೇ ಆದರೆ ದೀಪ ಆರಿಸುವವರು ಯಾರು? ಇದಕ್ಕೆ ಮೊದಲು ನಾನು ಊರಿನ ಒಬ್ಬ ಹಿರಿಯ ರೈತರನ್ನು ತರಗತಿಗೆ ಕರೆಸಿದೆ. ನೆಲದಲ್ಲಿ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮೇಲೆ ಮಣ್ಣು ಎಳೆಯುವ ಕ್ರಮವನ್ನು ಅವರು ವಿವರಿಸಿದರು. ತೆಗೆದ ದಿನ ಬಾಯಿಯನ್ನು ತೆರೆದಿಟ್ಟು ಗಾಳಿಯಾಡಲು ಬಿಡಬೇಕೆಂದೂ, ಅವಸರ ಮಾಡಿ ಇಳಿದವರು ಮೇಲೆ ಬರಲಿಲ್ಲವೆಂದೂ ಹೇಳುವಾಗ ಅವರ ದನಿ ಭಾರವಾಯಿತು.

ಕಾಳು ಜೀವಂತ ವಸ್ತು ಎಂಬುದನ್ನು ಮಕ್ಕಳಿಗೆ ತೋರಿಸುವುದು ನಮ್ಮ ಮೊದಲ ಕೆಲಸವಾಯಿತು. ನೆನೆಸಿ ಮೊಳಕೆ ಬರಿಸಿದ ಜೋಳವನ್ನು ಬಿಗಿ ಮುಚ್ಚಳದ ಬಾಟಲಿಗೆ ಹಾಕಿ, ಅದರೊಳಗೆ ಒಂದು ಚಿಕ್ಕ ಬಟ್ಟಲಿನಲ್ಲಿ ಸುಣ್ಣದ ತಿಳಿನೀರನ್ನು ಇಟ್ಟು ರಾತ್ರಿಯಿಡೀ ಬಿಟ್ಟೆವು. ಪಕ್ಕದಲ್ಲಿ ಕಾಳಿಲ್ಲದ ಇನ್ನೊಂದು ಬಾಟಲಿಯನ್ನೂ ಹಾಗೇ ಇಟ್ಟಿದ್ದೆವು. ಬೆಳಿಗ್ಗೆ ಕಾಳಿದ್ದ ಬಾಟಲಿಯ ಸುಣ್ಣದ ನೀರು ಹಾಲಿನಂತೆ ಬಿಳುಪಾಗಿತ್ತು, ಇನ್ನೊಂದರದು ಬಹುಮಟ್ಟಿಗೆ ತಿಳಿಯಾಗಿಯೇ ಇತ್ತು. ಕಾಳು ಉಸಿರಾಡುತ್ತದೆ, ಆಮ್ಲಜನಕವನ್ನು ಬಳಸಿ ಕಾರ್ಬನ್ ಡೈಆಕ್ಸೈಡನ್ನು ಬಿಡುತ್ತದೆ. ಹಗೇವಿನ ಒಣ ಕಾಳಿನ ಉಸಿರು ಬಹಳ ನಿಧಾನ, ಆದರೆ ಅಲ್ಲಿ ಕಾಳಿನ ರಾಶಿಯೇ ಇರುತ್ತದೆ, ತಿಂಗಳುಗಟ್ಟಲೆ ಗಾಳಿಯ ಸಂಪರ್ಕ ಇರುವುದಿಲ್ಲ, ಹುಳುಗಳೂ ಅದೇ ಗಾಳಿಯನ್ನು ಉಸಿರಾಡುತ್ತವೆ. ಆಮ್ಲಜನಕ ಇಳಿದು ಕೊನೆಗೆ ಹುಳುಗಳು ಬದುಕಲಾಗದ ಸ್ಥಿತಿ ಬರುವುದರಿಂದಲೇ ಜೋಳ ಕೆಡದೆ ಉಳಿಯುತ್ತದೆ. ಕಾಳನ್ನು ಕಾಯುವ ಗಾಳಿಯೇ ಮನುಷ್ಯನನ್ನು ಕೊಲ್ಲುತ್ತದೆ ಎಂದು ತಿಳಿದಾಗ ತರಗತಿ ಸ್ತಬ್ಧವಾಗಿತ್ತು. ಆಮೇಲೆ ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿ, ಉಕ್ಕಿದ ಅನಿಲವನ್ನು ಗ್ಲಾಸಿನಿಂದ ಗ್ಲಾಸಿಗೆ ನೀರು ಸುರಿದಂತೆ ಉರಿಯುವ ಮೇಣದಬತ್ತಿಯ ಮೇಲೆ ಬಗ್ಗಿಸಿ, ಅದು ಆರುವುದನ್ನು ತೋರಿಸಿದೆ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ಗುಂಡಿಯ ತಳ ಬಿಟ್ಟು ಸುಲಭವಾಗಿ ಮೇಲೇಳುವುದಿಲ್ಲ ಎಂಬುದು ಅವರಿಗೆ ಕಣ್ಣಿಗೆ ಕಂಡಿತು. ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಕೆಳಗಿನ ಗಾಳಿ ಪೂರ್ತಿ ಸುರಕ್ಷಿತವಲ್ಲ ಎಂಬುದನ್ನೂ ಒತ್ತಿ ಹೇಳಿದೆ. ಮನುಷ್ಯನಿಗೆ ಅಪಾಯಕಾರಿಯಾಗುವಷ್ಟು ಕಾರ್ಬನ್ ಡೈಆಕ್ಸೈಡ್ ಇರುವ ಕಡೆಯೂ ದೀಪ ಉರಿಯಬಲ್ಲದು. ಹಾಳುಬಾವಿ, ಮಲಗುಂಡಿಗಳಿಗೂ ಈ ಎಚ್ಚರ ಬೇಕು. ನಮ್ಮ ಮಕ್ಕಳಲ್ಲಿ ಕೆಲವರು ಮುಂದೆ ಅಂಥ ಕೆಲಸದ ಹತ್ತಿರ ಹೋಗಬಹುದಾದ್ದರಿಂದ ಈ ಮಾತನ್ನು ನಾನು ಅವಸರದಲ್ಲಿ ಮುಗಿಸುವುದಿಲ್ಲ.

ಅಲ್ಲಿಂದ ಒಂದು ಪ್ರಶ್ನೆ ತಾನಾಗಿ ಹುಟ್ಟಿತು: ಸುಣ್ಣದ ನೀರಿನಲ್ಲಿ ಕಂಡ ಬಿಳುಪು ಏನು? ಅದು ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು, ವಾಡಿ ಮತ್ತು ಸೇಡಂ ಸುತ್ತಿನ ಸಿಮೆಂಟ್ ಕಾರ್ಖಾನೆಗಳು ನೆಲದಿಂದ ಅಗೆಯುವ ಸುಣ್ಣಕಲ್ಲು, ಎರಡರಲ್ಲೂ ಇರುವ ಮುಖ್ಯ ವಸ್ತು ಅದೇ. ಕಲ್ಲನ್ನು ಸುಟ್ಟು ಸುಣ್ಣ, ಸುಣ್ಣಕ್ಕೆ ನೀರು, ಆ ನೀರಿಗೆ ಕಾಳಿನ ಉಸಿರು ತಾಕಿ ಮತ್ತೆ ಕಲ್ಲಿನ ಪುಡಿ. ಹತ್ತನೆಯ ತರಗತಿಯ ರಾಸಾಯನಿಕ ಕ್ರಿಯೆಗಳ ಪಾಠದಲ್ಲಿ ಬರುವ ಸಮೀಕರಣಗಳನ್ನು ಆ ವರ್ಷ ಯಾರಿಗೂ ಬಾಯಿಪಾಠ ಮಾಡಿಸಬೇಕಾಗಲಿಲ್ಲ. ಇದೇ ಕಲ್ಲಿನ ನೆಲ ಬೇಸಿಗೆಯಲ್ಲೂ ತಣ್ಣಗೆ ಏಕಿರುತ್ತದೆ ಎಂಬ ಪ್ರಶ್ನೆಗೆ, ನೆರಳಿನಲ್ಲಿದ್ದ ಕಲ್ಲು, ಗೋಣಿಚೀಲ, ತಗಡು ಮೂರಕ್ಕೂ ಥರ್ಮಾಮೀಟರ್ ಹಿಡಿದು ನೋಡಿದೆವು. ಅಳತೆಯಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ನಮ್ಮ ಅಂಗಾಲಿನ ಬಿಸಿಯನ್ನು ಯಾವುದು ಬೇಗ ಎಳೆದುಕೊಳ್ಳುತ್ತದೋ ಅದು ತಣ್ಣಗೆ ತೋರುತ್ತದೆ. ಎರೆ ಭೂಮಿ ಬೇಸಿಗೆಯಲ್ಲಿ ಏಕೆ ಬಿರಿಯುತ್ತದೆ, ಗುಡುಗು ಮಿಂಚಿನ ನಂತರವೇ ಏಕೆ ಕೇಳುತ್ತದೆ ಎಂಬಂಥವು ಪ್ರತಿ ವರ್ಷವೂ ಬರುತ್ತವೆ. ಎರಡನೆಯದಕ್ಕೆ ಉತ್ತರ ಹೇಳುವಾಗ, ಮಿಂಚು ಕಂಡ ಮೇಲೆ ಎಣಿಸುತ್ತ ಹೋಗಿ 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ಎಂದು ಲೆಕ್ಕ ಹಾಕುವುದನ್ನೂ, ಹೊಲದಲ್ಲಿದ್ದಾಗ ಮರದ ಕೆಳಗೆ ನಿಲ್ಲಬಾರದೆಂಬುದನ್ನೂ ಕಲಿಸದೆ ಬಿಡುವುದಿಲ್ಲ.

ನೆರಳಿನ ಬಗ್ಗೆ ನಡೆದ ಕೆಲಸವನ್ನು ಇನ್ನಷ್ಟು ವಿವರವಾಗಿ ಹೇಳಬೇಕು. ಮಧ್ಯಾಹ್ನ 12 ಗಂಟೆಗೆ ಸೂರ್ಯ ನೆತ್ತಿಯ ಮೇಲಿರುತ್ತಾನೆ ಎಂದು ಓದಿದ್ದೇವೆ, ಆದರೆ ಧ್ವಜಕಂಬಕ್ಕೆ ಆಗಲೂ ನೆರಳಿದೆಯಲ್ಲ ಎಂದು ಒಬ್ಬಳು ಬರೆದಿದ್ದಳು. ನಾವು ಸಮತಟ್ಟಾದ ಜಾಗದಲ್ಲಿ ನೆಟ್ಟಗೆ ಒಂದು ಕೊಳವೆ ನಿಲ್ಲಿಸಿ, ಶಾಲೆ ಶುರುವಾದ ಜೂನ್‌ನಿಂದ ಬಿಸಿಲಿದ್ದ ದಿನಗಳಲ್ಲೆಲ್ಲ ಅತ್ಯಂತ ಚಿಕ್ಕ ನೆರಳಿನ ತುದಿಯನ್ನು ಸುಣ್ಣದಿಂದ ಗುರುತಿಸುತ್ತ ಹೋದೆವು. ಜೂನ್‌ನಲ್ಲಿ ನೆರಳು ದಕ್ಷಿಣಕ್ಕೆ ಬೀಳುತ್ತಿತ್ತು, ಜೂನ್ 21 ಕಳೆದ ಮೇಲೆ ದಿನದಿಂದ ದಿನಕ್ಕೆ ಕುಗ್ಗಿತು, ಆಗಸ್ಟ್ ಮೊದಲ ವಾರದಲ್ಲಿ ಕೊಳವೆಯ ಬುಡಕ್ಕೆ ಬಂದು ಸೇರಿತು, ಆಮೇಲೆ ಉತ್ತರಕ್ಕೆ ಬೆಳೆಯತೊಡಗಿತು. ಸೇಡಂ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇರುವುದರಿಂದ ಸೂರ್ಯ ನಮ್ಮ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ದಿನ, ಮೇ ಎರಡನೆಯ ವಾರದ ಸುಮಾರಿಗೆ ಒಮ್ಮೆ, ಆಗಸ್ಟ್ ಮೊದಲ ವಾರದಲ್ಲಿ ಇನ್ನೊಮ್ಮೆ. ಅದೂ 12 ಗಂಟೆಗಲ್ಲ, ಆಗಸ್ಟ್‌ನಲ್ಲಿ ಹನ್ನೆರಡೂವರೆಗೆ ಎರಡು ಮೂರು ನಿಮಿಷ ಇರುವಾಗ. ನಮ್ಮ ಗಡಿಯಾರಗಳು 82.5 ಡಿಗ್ರಿ ರೇಖಾಂಶದ ಸಮಯವನ್ನು ತೋರಿಸುತ್ತವೆ, ನಾವು ಅದಕ್ಕಿಂತ ಪಶ್ಚಿಮದಲ್ಲಿದ್ದೇವೆ. ಆಗಸ್ಟ್‌ನಲ್ಲಿ ಈ ದಿನ ಬೀದರಿಗೆ ನಮಗಿಂತ ಎರಡು ಮೂರು ದಿನ ಮೊದಲು ಬರುತ್ತದೆ, ಯಾದಗಿರಿಗೆ ಒಂದೆರಡು ದಿನ ತಡವಾಗಿ. ದೆಹಲಿಗಂತೂ ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕಿರುವ ಕಾರಣ ಎಂದೂ ಬರುವುದಿಲ್ಲ. ಪುಸ್ತಕದ ಒಂದು ಸಾಲನ್ನು ಧ್ವಜಕಂಬದ ನೆರಳು ಪ್ರಶ್ನಿಸಿತು, ಮತ್ತು ಮಗು ನೆರಳನ್ನು ನಂಬಿತು. ನಾನು ಮಕ್ಕಳಿಂದ ಬಯಸುವುದು ಇಷ್ಟೇ.

ಗ್ರಹಣದ ಮಾತು ಬಂದಾಗ ನನ್ನ ಬಾಲ್ಯದ ಟಿವಿಯೇ ಮತ್ತೆ ಮುಂದೆ ಬರುತ್ತದೆ. 1995ರ ಅಕ್ಟೋಬರ್ 24ರಂದು ಉತ್ತರ ಭಾರತದಲ್ಲಿ ಖಗ್ರಾಸ ಸೂರ್ಯಗ್ರಹಣವಾದಾಗ ದೂರದರ್ಶನ ಅದನ್ನು ನೇರ ಪ್ರಸಾರ ಮಾಡಿತು, ಯಶ್ ಪಾಲ್ ಅವರೇ ವಿವರಣೆ ನೀಡಿದರು. ನಮ್ಮ ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ನಮ್ಮ ಮನೆಯಲ್ಲಿ ಮುತ್ಯಾ ಟಿವಿ ಹಚ್ಚಿಸಿದರು, ಮುಚ್ಚಿದ ಸೂರ್ಯನ ಅಂಚಿನಲ್ಲಿ ಬೆಳಕು ವಜ್ರದುಂಗುರದಂತೆ ಹೊಳೆದ ಕ್ಷಣದಲ್ಲಿ ಆ ವಯಸ್ಸಾದ ವಿಜ್ಞಾನಿಯ ದನಿಯಲ್ಲಿದ್ದ ಸಂಭ್ರಮ ನಮ್ಮ ಮನೆಯ ಭಯವನ್ನು ಕರಗಿಸಿತು. ಯಾರನ್ನೂ ಬೈಯದೆ, ಯಾರ ನಂಬಿಕೆಯನ್ನೂ ಕೆಣಕದೆ, ಬನ್ನಿ ನೋಡೋಣ ಎಂದು ಕರೆದ ರೀತಿಯನ್ನು ನಾನು ಹಾಗೇ ಇಟ್ಟುಕೊಂಡಿದ್ದೇನೆ. 2019ರ ಡಿಸೆಂಬರ್ 26ರಂದು ನಮ್ಮಲ್ಲಿ ಭಾಗಶಃ ಗ್ರಹಣವಿದ್ದಾಗ, ಮಕ್ಕಳೊಂದಿಗೆ ಬರಲು ಒಪ್ಪಿದ ಪಾಲಕರನ್ನೂ ಶಾಲೆಯ ಅಂಗಳಕ್ಕೆ ಕರೆದೆವು. ಗ್ರಹಣದ ಕನ್ನಡಕದ ಜೊತೆಗೆ, ರಟ್ಟಿಗೆ ಸೂಜಿಯಿಂದ ತೂತು ಮಾಡಿ ಬಿಳಿ ಹಾಳೆಯ ಮೇಲೆ ಸೂರ್ಯನ ಬಿಂಬ ಬೀಳಿಸಿದೆವು. ಬೇವಿನ ಮರದ ಎಲೆಗಳ ಸಂದಿಯಿಂದ ನೆಲದ ಮೇಲೆ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಬಿದಿಗೆ ಚಂದ್ರನ ಆಕಾರ ತಳೆದದ್ದನ್ನು ಮೊದಲು ಕಂಡು ಹೇಳಿದ್ದು ಒಬ್ಬ ತಾಯಿ. ಅದೇ ದಿನ ಕಲಬುರಗಿ ಸಮೀಪದ ಹಳ್ಳಿಯೊಂದರಲ್ಲಿ, ಗುಣವಾಗಲಿ ಎಂಬ ಆಸೆಯಿಂದ ಅಂಗವೈಕಲ್ಯವುಳ್ಳ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತ ಸುದ್ದಿಯನ್ನು ಸಂಜೆ ನೋಡಿದೆವು. ಆ ಪಾಲಕರ ಕಷ್ಟ ನನಗೆ ಅರ್ಥವಾಗುತ್ತದೆ. ಗ್ರಹಣವೆಂದರೇನೆಂದು ಅವರೊಂದಿಗೆ ಯಾರಾದರೂ ಅಂಗಳದಲ್ಲಿ ನಿಂತು ನೋಡಿದ್ದರೆ ಎಂದು ನಾನು ಇಂದಿಗೂ ಅಂದುಕೊಳ್ಳುತ್ತೇನೆ.

ಸಮಯದ ಬಗ್ಗೆ ಸಹೋದ್ಯೋಗಿಗಳು ಕೇಳುವ ಪ್ರಶ್ನೆ ನ್ಯಾಯವಾದದ್ದು. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಭಾಗದ ಜಿಲ್ಲೆಗಳು ಹೆಚ್ಚಾಗಿ ಕೆಳಗಿರುವುದರಿಂದ, ಶಿಕ್ಷಕರ ಮೇಲೆ ಪಾಠ ಮುಗಿಸುವ ಒತ್ತಡ ಸದಾ ಇರುತ್ತದೆ. ನಮ್ಮ ಮುಖ್ಯಗುರುಗಳು ಒಪ್ಪಿದ್ದು, ನಾನು ಪ್ರತಿ ಪ್ರಶ್ನೆಯ ಎದುರು ಅದು ಯಾವ ತರಗತಿಯ ಯಾವ ಪಾಠಕ್ಕೆ ಸೇರುತ್ತದೆ ಎಂದು ಬರೆದು ತೋರಿಸಿದ ಮೇಲೆ. ರೊಟ್ಟಿಯ ಪ್ರಶ್ನೆ ಪೋಷಕಾಂಶಗಳ ಪಾಠಕ್ಕೆ, ಹಗೇವಿನದು ಉಸಿರಾಟಕ್ಕೆ, ನೆರಳಿನದು ಭೂಮಿಯ ಚಲನೆಗೆ. ಯಶ್ ಪಾಲ್ ಅಧ್ಯಕ್ಷತೆಯ ಸಮಿತಿ 1993ರಲ್ಲಿ ಕೊಟ್ಟ ‘ಹೊರೆಯಿಲ್ಲದ ಕಲಿಕೆ’ ಎಂಬ ವರದಿಯೂ ನನಗೆ ಬಲ ಕೊಟ್ಟಿತು. ಮಕ್ಕಳ ಬೆನ್ನ ಮೇಲಿನ ಚೀಲದ ಭಾರಕ್ಕಿಂತ, ಅರ್ಥವಾಗದೆ ಕಲಿಯುವ ಭಾರ ಹೆಚ್ಚು ಕೆಟ್ಟದ್ದು ಎಂಬುದು ಆ ವರದಿಯ ತಿರುಳು. ಅವರೇ ನಂತರ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಸಮಿತಿಯನ್ನೂ ಮುನ್ನಡೆಸಿದರು. 2017ರ ಜುಲೈನಲ್ಲಿ ಅವರು ತೀರಿಕೊಂಡ ವಾರದ ಶನಿವಾರ, ಪೆಟ್ಟಿಗೆ ತೆರೆಯುವ ಮೊದಲು ನಾನು ಮಕ್ಕಳಿಗೆ ಅವರ ಬಗ್ಗೆ ಹೇಳಿದೆ, ಆಮೇಲೆ ಎಂದಿನಂತೆ ಚೀಟಿಗಳನ್ನು ಓದಿದೆವು.

ಉತ್ತರ ಸಿಗದ ಪ್ರಶ್ನೆಗಳಿಗೆ ಒಂದು ಬೇರೆ ವಹಿ ಇದೆ. ಪ್ರಶ್ನೆ, ಕೇಳಿದವರ ತರಗತಿ, ಇದುವರೆಗೆ ಏನೇನು ಮಾಡಿ ನೋಡಿದೆವು ಎಂಬುದನ್ನು ಮಕ್ಕಳೇ ಅದರಲ್ಲಿ ಬರೆಯುತ್ತಾರೆ. ವರ್ಷಕ್ಕೊಮ್ಮೆ ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಹೋಗುವಾಗ ಆ ವಹಿಯೂ ನಮ್ಮೊಂದಿಗೆ ಬರುತ್ತದೆ. 1984ರಿಂದ ನಡೆಯುತ್ತಿರುವ ಆ ಕೇಂದ್ರಕ್ಕೆ ನಾನೂ ಚಿಕ್ಕವಳಿದ್ದಾಗ ಹೋಗಿದ್ದೆ. ಈಗ ನಮ್ಮ ಮಕ್ಕಳು ಅಲ್ಲಿಯ ಮಾದರಿಗಳ ಮುಂದೆ ಸಾಲಾಗಿ ನಡೆದು ಬರುವ ಬದಲು, ತಮ್ಮ ಪ್ರಶ್ನೆಗೆ ಸಂಬಂಧಿಸಿದ ಮಾದರಿಯನ್ನು ಹುಡುಕಿಕೊಂಡು ಹೋಗುತ್ತಾರೆ.

ಈಚಿನ ವರ್ಷಗಳಲ್ಲಿ ಕೆಲಸ ಸ್ವಲ್ಪ ಬದಲಾಗಿದೆ. ಮನೆಯಲ್ಲಿ ಮೊಬೈಲ್ ಇರುವ ಮಕ್ಕಳು ಚೀಟಿ ಹಾಕಿದ ಸಂಜೆಯೇ ಉತ್ತರ ಹುಡುಕಿಕೊಂಡು ಬರುತ್ತಾರೆ. ಅದನ್ನು ನಾನು ತಡೆಯುವುದಿಲ್ಲ. ಮೊಬೈಲಿನಲ್ಲಿ ಸಿಕ್ಕ ಉತ್ತರವನ್ನು ಚೀಟಿಯ ಹಿಂಬದಿಯಲ್ಲಿ ಬರೆದು, ಅದನ್ನು ಯಾರು ಹೇಳಿದ್ದಾರೆ ಎಂದು ಕೆಳಗೆ ಬರೆದು, ಅದು ನಿಜವೇ ಎಂದು ನಮ್ಮ ಶಾಲೆಯಲ್ಲಿ, ನಮ್ಮ ಕೈಗೆ ಸಿಗುವ ಸಾಮಾನಿನಲ್ಲಿ ಹೇಗೆ ನೋಡಬಹುದು ಎಂಬ ಒಂದು ಉಪಾಯವನ್ನೂ ಸೇರಿಸಬೇಕೆಂದು ಗೊತ್ತುಮಾಡಿದ್ದೇನೆ. ಉಪಾಯ ಇರುವ ಚೀಟಿಯನ್ನೇ ಶನಿವಾರ ಮೊದಲು ಎತ್ತಿಕೊಳ್ಳುತ್ತೇವೆ, ಆ ಪ್ರಯೋಗವನ್ನು ಉಪಾಯ ಬರೆದ ಮಗುವೇ ಮುಂದೆ ನಿಂತು ನಡೆಸುತ್ತದೆ. ಮೊಬೈಲ್ ಇಲ್ಲದ ಮನೆಯ ಮಕ್ಕಳು ಬರೆಯುವ ಉಪಾಯಗಳು ಇದರಲ್ಲಿ ಒಂದಿಷ್ಟೂ ಹಿಂದೆ ಬಿದ್ದಿಲ್ಲ. ಈ ವರ್ಷ ತಾಂಡಾದಿಂದ ಬರುವ ಇಬ್ಬರು ಹುಡುಗಿಯರು, ತೊಗರಿ ಹೊಲದಲ್ಲಿ ಸಂಜೆಯಾದ ಮೇಲೆ ಗಿಡದ ಎಲೆಗಳು ಮಡಚಿಕೊಳ್ಳುವುದನ್ನು ಕಂಡು, ಕುಂಡದಲ್ಲಿ ಬೆಳೆಸಿದ ಒಂದು ತೊಗರಿ ಗಿಡವನ್ನು ಹಗಲಿನಲ್ಲೇ ಕತ್ತಲ ಕೋಣೆಯಲ್ಲಿಟ್ಟು ನೋಡಬೇಕೆಂದು ಬರೆದಿದ್ದಾರೆ. ಕುಂಡ ಸಿದ್ಧವಾಗಿದೆ, ಬೀಜ ಹಾಕಿದ್ದೇವೆ.